ಮುಷ್ಟಿಯ ಗಾತ್ರ

"ಬಿಡೇ, ದಾರ ಬಿಡು! ಗಂಟೆ ಹೊಡೆಯೋ ಹೊತ್ತಾಯ್ತು," ಎಂದು ವಿಜ್ಞಾನದ ಟೀಚರ್ ಗದರಿದ ಮೇಲೆ ಹುಡುಗಿ ಕೈ ಸಡಿಲಿಸಿದಳು. ದಾರದ ತುದಿಗೆ ಕಟ್ಟಿದ್ದ ಬೂದುಬಣ್ಣದ ಉಂಡೆ ಅಳತೆ ಜಾಡಿಯಲ್ಲಿ ಮುಳುಗಿತು, ನೀರು ಮೇಲೇರಿತು. ಟೀಚರ್ ಬಗ್ಗಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು ಗೆರೆ ನೋಡುವಷ್ಟರಲ್ಲಿ ಉಂಡೆಯಿಂದ ಗುಳ್ಳೆಗಳು ಏಳತೊಡಗಿದವು.

"ಏನೇ ಇದು, ಮಣ್ಣಾ? ನೀರಲ್ಲಿ ಕರಗದೇ ಇರೋದನ್ನ ತನ್ನಿ ಅಂತ ನಿನ್ನೆಯೆಲ್ಲಾ ಬಡ್ಕೊಂಡಿದ್ನಲ್ಲ!" ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

"ಕಲ್ಲಿನ ಹಾಗೆ ಗಟ್ಟಿಯಾಗಿತ್ತು ಟೀಚರ್." ಹುಡುಗಿ ಜಾಡಿಯಿಂದ ಕಣ್ಣು ಕೀಳಲಿಲ್ಲ. "ಜ್ವರ ಬಂದು ನನ್ನ ತಮ್ಮ ತೀರ್ಕೊಂಡ್ನಲ್ಲ, ಅವನು ಆಟ ಆಡ್ತಾ ಮುಷ್ಟೀಲಿ ಹಿಸುಕಿ ಬಿಸಾಕಿದ್ದ ಜೇಡಿಮಣ್ಣು. ಮಂಚದ ಕೆಳಗೆ ಸಿಕ್ತು. ಅವನ ಕೈ ಎಷ್ಟಿತ್ತು ಅಂತ ಕೇಳಿದ್ರೆ ಅಮ್ಮ ಒಂದೊಂದು ಸಲ ಒಂದೊಂದು ಥರ ತೋರಿಸ್ತಾಳೆ. ಅಪ್ಪ ಎದ್ದು ಹೊರಗೆ ಹೋಗಿಬಿಡ್ತಾರೆ. ಸ್ಕೇಲಲ್ಲಿ ಅಳೆಯೋಕಾಗದೇ ಇರೋದನ್ನ ಹೀಗೆ ಅಳೀಬಹುದು ಅಂತ ನೀವೇ ಹೇಳಿದ್ರಲ್ಲ."

ಟೀಚರ್ ಸರಕ್ಕನೆ ದಾರ ಎಳೆದರು. ಬರೀ ದಾರ ಮೇಲೆ ಬಂತು. ಒಳಗೆ, ಪುಟ್ಟ ಬೆರಳುಗಳು ಒತ್ತಿದ್ದ ತಗ್ಗುಗಳು ಒಂದೊಂದಾಗಿ ಕುಸಿಯುತ್ತಿದ್ದವು. ಒಂದೊಂದು ಗುಳ್ಳೆ ಒಡೆದಾಗಲೂ ನೀರಿನ ಮಟ್ಟ ಕೂದಲೆಳೆಯಷ್ಟು ಕೆಳಗಿಳಿಯುತ್ತಿತ್ತು.

"ಇಳೀತಿದೆ ಟೀಚರ್, ಕಮ್ಮಿಯಾಗ್ತಿದೆ," ಎಂದ ಹುಡುಗಿ, ಗುಳ್ಳೆಗಳು ಹೊರಗೆ ಹೋಗದಂತೆ ಜಾಡಿಯ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿ ಹಿಡಿದಳು.