ದಾನದ ಬಿಸಿಲು

ಕಡಲಡಿಯ ಕಾರವಾರದಲ್ಲಿ ಬಿಸಿಲನ್ನು ಮೇಲಿನಿಂದ ಕೊಳವೆಯಲ್ಲಿ ಇಳಿಸಿ ಅಳೆದು, ಪ್ರೌಢಶಾಲೆ ಸೇರಿದವರಿಗೆ ಮತ್ತು ದೊಡ್ಡವರಿಗೆ ಮಾತ್ರ ಹಂಚುತ್ತಾರೆ. ಅಲ್ಲಿನ ಯಹೂದಿ ಪ್ರೌಢಶಾಲೆಯ ಮಕ್ಕಳು ತಮ್ಮ ಪಾಲಿನಲ್ಲಿ ಹತ್ತರಲ್ಲೊಂದು ಭಾಗವನ್ನು ದಾನಕ್ಕೆ ತೆಗೆದಿಡುವುದು ವಾಡಿಕೆ. ಈ ವರ್ಷ ಒಂದು ಕೋಣೆಯನ್ನು ಅರ್ಧ ಗಂಟೆ ತುಂಬುವಷ್ಟು ಬಿಸಿಲು ಸೇರಿತ್ತು. ಅದು ಯಾರಿಗೆಂದು ಹತ್ತನೇ ತರಗತಿಯವರೇ ತೀರ್ಮಾನಿಸಬೇಕಿತ್ತು.

ಊರಿನ ದಾನನಿಧಿಗೆ ಬಿಸಿಲು ಕೇಳಿ ಅರ್ಜಿ ಹಾಕಿದ್ದು ಇಬ್ಬರು: ಒಂದು ಶಿಶುವಿಹಾರ, ಇನ್ನೊಂದು ಮದುವೆಯ ಮಂಟಪಕ್ಕೆ ಬೇಕೆಂದ ಒಬ್ಬ ವಧು. ವಧು ಬೇರೆ ಯಾರೂ ಅಲ್ಲ, ಅದೇ ತರಗತಿಯ ಸಿನೋರಾಳ ಅಕ್ಕ.

“ಮದ್ವೆ ಆಗೋದು ಒಂದೇ ಸಲ. ಪುಟ್ಟ ಮಕ್ಕಳಿಗೆ ಮುಂದಿನ ವರ್ಷ ಕೊಟ್ರಾಯ್ತು” ಎಂದ ಬಿನ್ಯಾಮಿನ್.

“ಆ ಮಕ್ಕಳು ತಮ್ಮ ನೆರಳನ್ನೇ ನೋಡಿಲ್ಲ ಕಣೋ! ಸುತ್ತಲೂ ಹೊಳೆಯೋ ನಮ್ಮ ಗೋಡೆಗಳ ಬೆಳಕಲ್ಲಿ ನೆರಳು ಎಲ್ಲಿ ಬೀಳುತ್ತೆ?” ಎಂದು ಅಬಿಗೈಲ್ ಎದ್ದು ನಿಂತಳು.

ಕೈ ಎತ್ತಿಸಿದರೆ ಎರಡೂ ಕಡೆ ಸಮವಾಯಿತು. ಉಳಿದವಳು ಸಿನೋರಾ ಒಬ್ಬಳೇ.

“ನೀನು ಕೈ ಎತ್ತಲೇಬೇಕು ಅಂತೇನಿಲ್ಲಮ್ಮ” ಎಂದರು ಟೀಚರ್.

ಸಿನೋರಾ ಅಬಿಗೈಲ್ ಕಡೆ ತಿರುಗಿದಳು. “ಶಿಶುವಿಹಾರಕ್ಕೇ ಕೊಡೋಣ” ಎಂದು ಕೈ ಎತ್ತಿದಳು. “ಅಕ್ಕ ಮಾತ್ರ ನನ್ನ ಸುಮ್ನೆ ಬಿಡಲ್ಲ.”

ಕೊಟ್ಟವರು ಯಾರೆಂದು ಪಡೆದವರಿಗೆ ತಿಳಿಯಬಾರದೆಂಬುದು ದಾನದ ನಿಯಮ. ಹಾಗಾಗಿ ಮರುದಿನ ಇಡೀ ತರಗತಿ ಶಿಶುವಿಹಾರದ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತಿತು. ಮುಖ ಊದಿಸಿಕೊಂಡಿದ್ದ ಅಕ್ಕನನ್ನೂ ಸಿನೋರಾ ಎಳೆದು ತಂದಿದ್ದಳು. ಒಳಗೆ ಕೊಳವೆಯ ಮುಚ್ಚಳ ತೆರೆದ ಸದ್ದಾಯಿತು.

“ಟೀಚರ್, ನನ್ ಕಾಲಿಗೆ ಯಾರೋ ಅಂಟ್ಕೊಂಡಿದಾರೆ!”

“ನಂಗೂ! ಓಡಿದ್ರೂ ಬಿಡ್ತಿಲ್ಲ!”

ಹೊರಗೆ ನಗು ತಡೆಯಲಾರದೆ ಮೊದಲು ಬಾಯಿ ಮುಚ್ಚಿಕೊಂಡವಳು ಅಕ್ಕ.