ನಡುವೆ ಕಮ್ಮಿಯಿದ್ದ ಚಿತ್ರ

"ಮೊದಲು ಏನಾಯ್ತು, ಆಮೇಲೆ ಏನಾಯ್ತು, ಜೋಡಿಸು ನೋಡೋಣ," ಎನ್ನುತ್ತ ಟೀಚರ್ ಮೂರು ಚಿತ್ರಗಳನ್ನು ಗುಬ್ಬಿಯ ಮುಂದೆ ಹರಡಿದರು. ಕಿಟಕಿಯಲ್ಲಿ ಅವರೆ ಸಸಿಯ ಕುಂಡ. ಕಿಟಕಿಯ ಪಕ್ಕ ಎರಡು ಜಡೆಯ ಹುಡುಗಿ. ನೆಲದಲ್ಲಿ ಚೂರುಚೂರಾದ ಕುಂಡ. ತರಗತಿಯಲ್ಲಿ ಎರಡು ಜಡೆ ಇದ್ದದ್ದು ಗುಬ್ಬಿಗೊಬ್ಬಳಿಗೇ. ಪಾಠದ ನೆಪದಲ್ಲಿ ಕಳ್ಳಿಯ ಬಾಯಿ ಬಿಡಿಸುವ ಉಪಾಯವದು. ನಿನ್ನೆ ತರಗತಿಯ ಕುಂಡ ಒಡೆದಾಗಲೇ ಟೀಚರ್ "ನಿಮ್ಮ ಮಗಳದೇ ಕೆಲಸ" ಎಂದು ಅವಳ ಅಮ್ಮನಿಗೆ ಹೇಳಿಯಾಗಿತ್ತು.

ಗುಬ್ಬಿ ಮೊದಲು ಕುಂಡ ಇಟ್ಟಳು. ಆಮೇಲೆ ಚೂರು. ಹುಡುಗಿಯನ್ನು ಕಟ್ಟಕಡೆಗೆ ಇಟ್ಟಳು. "ನಾನು ಬಂದಿದ್ದು ಒಡೆದ ಮೇಲೆ ಮಿಸ್, ಸಸಿ ಎತ್ತಿಡೋಕೆ."

"ಹೌದಾ? ಹಾಗಾದ್ರೆ ಕುಂಡಕ್ಕೇನು ಕಾಲು ಬಂದಿತ್ತಾ?" ಟೀಚರ್ ಅವಳ ಮುಖದಿಂದ ಕಣ್ಣು ತೆಗೆಯಲಿಲ್ಲ. ಎಷ್ಟು ಚೆನ್ನಾಗಿ ಸುಳ್ಳು ಹೆಣೆಯುತ್ತದೆ ಈ ಪುಟಾಣಿ!

"ಇಲ್ಲ ಮಿಸ್. ನಡುವೆ ಒಂದು ಚಿತ್ರ ಕಮ್ಮಿ ಇದೆ."

ಇನ್ನು ಯಾರ ತಲೆಗೆ ಕಟ್ಟುತ್ತಾಳೋ ಎಂದು ಟೀಚರ್ ಖಾಲಿ ಹಾಳೆ ತಳ್ಳಿದರು. ಗುಬ್ಬಿ ನಾಲಿಗೆ ಕಚ್ಚಿಕೊಂಡು ಕಿಟಕಿ ಬರೆದಳು, ಅವಸರದಲ್ಲಿ ಹೊರಟ ಹೆಂಗಸೊಬ್ಬಳನ್ನು ಬರೆದಳು, ಅವಳ ಹೆಗಲಿಗೆ ಅವಳಿಗಿಂತ ದೊಡ್ಡದೊಂದು ಕೆಂಪು ಚೀಲ ತಗುಲಿಹಾಕಿದಳು. "ಗಂಟೆ ಹೊಡೀತಲ್ಲ, ಎಲ್ಲರೂ ಕೂಗ್ತಿದ್ರು. ಕುಂಡ ಬಿದ್ದ ಸದ್ದು ನಿಮಗೆ ಕೇಳಿಸಲಿಲ್ಲ."

ಕುರ್ಚಿಯ ಬೆನ್ನಿಗೆ ನೇತಾಡುತ್ತಿದ್ದ ಕೆಂಪು ಚೀಲದತ್ತ ಟೀಚರ್ ಕೈ ತಾನಾಗಿ ಹೋಯಿತು. ಹೊರಜೇಬಿನಲ್ಲಿ ಬೆರಳಿಗೆ ಒಣಮಣ್ಣು ಸಿಕ್ಕಿತು.

ಅವರೇ ಕಲಿಸಿದ ರಾಗದಲ್ಲಿ ಇಡೀ ತರಗತಿ ಕೇಳಿತು: "ಆಮೇಲೆ ಏನಾಯ್ತು, ಮಿಸ್?"