ಬಾವಿಯಿಂದ ಬಂದ ಚೊಂಬು

ಪಟೇಲ್ ಚನ್ನಬಸವಣ್ಣನವರ ಹಿತ್ತಲ ಬಾವಿಯ ಹೂಳೆತ್ತುವಾಗ ಕೆಸರಿನ ಜೊತೆ ಬೆಳ್ಳಿ ಚೊಂಬೂ ಮೇಲೆ ಬಂತು. ಅವರ ಹೆಂಡತಿ ನೀಲಾಂಬಿಕೆ ಅದನ್ನು ತೊಳೆದು ನೋಡಿ ಗಂಡನ ಮುಂದೆ ಇಟ್ಟರು.

ಎರಡು ವರ್ಷದ ಹಿಂದೆ ಇದೇ ಚೊಂಬು ಕದ್ದನೆಂದು ಪಟೇಲರು ಊರಿನ ತಮಟೆ ಹೊಡೆಯುವ ಮರಿಯಯ್ಯನನ್ನು ಒಂದಿಡೀ ದಿನ ಚಾವಡಿಯಲ್ಲಿ ಕೂಡಿಹಾಕಿದ್ದರು. ಬಿಳಿಯರ ಕಾಲದ ಕಾನೂನು ಅವರ ತಾತನಿಗೆ ಕೊಟ್ಟಿದ್ದ ಅಧಿಕಾರ ಅದು. ಸ್ವಾತಂತ್ರ್ಯ ಬಂದರೂ ರಾವಂದೂರಿನ ಆಚೆಯ ಈ ಊರಿನಲ್ಲಿ ಅದರ ಕೂದಲೂ ಕೊಂಕಿರಲಿಲ್ಲ. ಬಿಟ್ಟು ಕಳಿಸುವಾಗ, ‘ಪಟೇಲರ ಚೊಂಬು ಕದ್ದವನು ನಾನೇ’ ಎಂದು ಅವನ ಕೈಯಿಂದಲೇ ಬೀದಿ ಬೀದಿಯಲ್ಲಿ ತಮಟೆ ಹೊಡೆಸಿದರು. ಅಂದಿನಿಂದ ಅವನ ಹೆಂಡತಿ ಮರಮ್ಮ ಕೂಲಿಗೆ ಬಂದರೆ ಸಾಕು, ಜಗಲಿಯ ಮೇಲಿದ್ದ ಪಾತ್ರೆಗಳು ಒಳಗೆ ಹೋಗುತ್ತಿದ್ದವು. ಪಾಪ, ಮಗಳನ್ನು ನೋಡಲು ಬಂದ ಗಂಡಿನವರೂ ಊರ ಬಾಗಿಲಿನಿಂದಲೇ ವಾಪಸ್ಸಾದರು.

ಪಟೇಲರು ಮರಿಯಯ್ಯನನ್ನು ಕರೆಸಿದರು. ತಪ್ಪಾಯಿತು ಎನ್ನುವ ಅಭ್ಯಾಸ ಅವರ ನಾಲಿಗೆಗೆ ಇರಲಿಲ್ಲ.

“ಚೊಂಬು ಸಿಕ್ತು ಕಣ್ಲಾ. ನೀನು ಕಳ್ಳ ಅಲ್ಲ ಅಂತ ಊರಲ್ಲೆಲ್ಲ ತಮಟೆ ಒಡ್ಕಂಡು ಬಾ ಓಗು.”

ಮರಿಯಯ್ಯ ಚೊಂಬನ್ನೇ ನೋಡುತ್ತ ನಿಂತ. “ಕದ್ದೆ ಅಂತ ನಾನೇ ಯೋಳ್ದೆ, ಎಲ್ಲಾ ನಂಬುದ್ರು ಬುದ್ಧಿ. ಕದ್ದಿಲ್ಲ ಅಂತ್ಲೂ ನಾನೇ ಯೋಳುದ್ರೆ ಯಾರು ನಂಬ್ತಾರೆ? ಅದ ನೀವು ಯೋಳ್ಬೇಕು.”

“ಕಳ್ಳನ್ನ ಕೂಡಾಕೋಕೆ ಕಾನೂನು ನಂಗೆ ಅಧಿಕಾರ ಕೊಟ್ಟೈತೆ. ಪಟೇಲ ಬೀದೀಲಿ ನಿಂತು ತೆಪ್ಪಾಯ್ತು ಅನ್ನೋಕೆ ಯಾವ ಕಾನೂನೈತ್ಲಾ?”

ನೀಲಾಂಬಿಕೆ ಬಾಗಿಲಿಗೆ ಬಂದು ನಿಂತರು. “ಅವತ್ತು ತಮಟೆ ಒಡ್ಸೋಕೆ ಯಾವ ಕಾನೂನಿತ್ತು, ಯೋಳಿ ಮತ್ತೆ?”

ಪಟೇಲರು ಪೇಟ ಸುತ್ತಿಕೊಂಡು ಎದ್ದರು.

ಮರಿಯಯ್ಯ ತಮಟೆ ಕಾಯಿಸಿಕೊಂಡು ಬಂದ. ಮುಂದೆ ಅವನು, ಹಿಂದೆ ಪಟೇಲರು. ಮೊದಲ ಬೀದಿಯ ತಿರುವಿನಲ್ಲಿ ಅವನು ಹೊಡೆತ ನಿಲ್ಲಿಸಿದ. ಬಾಗಿಲು ಬಾಗಿಲಲ್ಲೂ ಜನ ನಿಂತಿದ್ದರು, ಮರಮ್ಮನೂ ಇದ್ದಳು. ಪಟೇಲರ ತುಟಿ ಅಲ್ಲಾಡಿತು, ಮಾತು ಮೀಸೆ ದಾಟಲಿಲ್ಲ.

ಮರಿಯಯ್ಯ ತಿರುಗಿ ನೋಡದೆಯೇ ಹೇಳಿದ: “ಇನ್ನೊಸಿ ಜೋರಾಗಿ ಬುದ್ಧಿ. ಅವತ್ತು ನಾನು ಜೋರಾಗೇ ಕೂಗಿದ್ದೆ.”